ಕಥೋಲಿಕ ಸಭೆ ಬಿಟ್ಟವರು: ಯಾಕ ಬಿಡ್ತಾರ, ಮುಂದ ಏನು ನಂಬ್ತಾರ, ರಿಜಿಸ್ಟರದಾಗಿನ ಹೆಸರು ಏನಾಗತೈತಿ?

ಖಾನಾಪುರ ರೋಡ್

ಬೆಳಗಾವಿ ಕಡೆ ಕಥೋಲಿಕ ಮನೆತನದಾಗ ಹುಟ್ಟಿ ಈಗ ಚರ್ಚಿನ ಪೂಜೆಗೆ ಹೋಗದವರು ಅದಾರ, ಪೆಂತೆಕೊಸ್ತದಂಥ ಸಭೆಗಳ ಪ್ರಾರ್ಥನಾ ಮನೆಗೆ ಹೋಗವರೂ ಅದಾರ. ಇವರು ಬಿಡೂದು ಯಾತಕ್ಕ? ಬಿಟ್ಟ ಮ್ಯಾಲೆ ನಂಬಿಕಿ ಪೂರಾ ಹೋಗತೈತೋ, ಬ್ಯಾರೆ ರೂಪ ತಾಳತೈತೋ? ಮತ್ತ ಜ್ಞಾನಸ್ನಾನದ (ಬ್ಯಾಪ್ಟಿಸಮ್ಮಿನ) ರಿಜಿಸ್ಟರದಿಂದ ಹೆಸರು ತಗಸಾಕ ಬರತೈತೇನು? ಯಾರನ್ನೂ ಬೈಯೂದು ಬ್ಯಾಡ್ರಿ, ತಿಳಿದವರು ಹೇಳ್ರಿ.

ಕ್ಯಾಂಪಿನ ಗಂಟೆ

ಕಡೆಯ ಪ್ರಶ್ನೆಯನ್ನೇ ಮೊದಲು ತಗೋತೀನಿ, ತಪ್ಪು ತಿಳಿವಳಿಕೆ ಹೆಚ್ಚಿರೋದು ಅಲ್ಲೇ. ಹೆಸರು ತೆಗೆಯಲು ಬರುವುದಿಲ್ಲ. ಆ ರಿಜಿಸ್ಟರ್ ಸದಸ್ಯರ ಪಟ್ಟಿ ಅಲ್ಲ. ಇಂಥ ದಿನ ಇಂಥವರಿಗೆ ಸಂಸ್ಕಾರ ನಡೆಯಿತು ಅನ್ನುವ ದಾಖಲೆ. ನಡೆದದ್ದನ್ನು ನಡೆದಿಲ್ಲ ಎಂದು ಬರೆಯಲಾಗದು. ವ್ಯಾಟಿಕನ್ ಇದನ್ನು 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಆಗುವುದು ಇಷ್ಟೇ: ಇವರು ಸಭೆ ಬಿಟ್ಟಿದ್ದಾರೆ ಎಂದು ಅಂಚಿನಲ್ಲಿ ಒಂದು ಷರಾ.

ಆ ಷರಾ ಬೇಕಿದ್ದರೆ ಬಿಷಪ್ಪರಿಗೋ ಧರ್ಮಕೇಂದ್ರದ (ಅಂದರೆ ತಮ್ಮ ಊರಿನ ಚರ್ಚಿನ) ಗುರುಗಳಿಗೋ ಸಹಿ ಹಾಕಿದ ಪತ್ರ ಕೊಡಬೇಕು. ತಂದೆ ತಾಯಿ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನ ಆದ ಊರು ಮತ್ತು ದಿನಾಂಕ, ಯಾರ ಒತ್ತಾಯವೂ ಇಲ್ಲದೆ ಬಿಡುತ್ತಿದ್ದೇನೆ ಎಂಬ ಮಾತು ಅದರಲ್ಲಿರಲಿ. ಎಡವುವುದು ಎಲ್ಲಿ ಅಂದರೆ, ಇಲ್ಲಿನ ಎಷ್ಟೋ ಮನೆತನಗಳ ಮೂಲ ಗೋವಾ. ಜ್ಞಾನಸ್ನಾನ ಅಲ್ಲಿ ಆಗಿದ್ದರೆ ಮೂಲ ದಾಖಲೆಯೂ ಅಲ್ಲೇ ಇರುತ್ತದೆ. ಈಗಿನ ಧರ್ಮಕೇಂದ್ರದವರು ಪತ್ರವನ್ನು ಅಲ್ಲಿಗೆ ಕಳಿಸದಿದ್ದರೆ ಷರಾ ಬೀಳುವುದೇ ಇಲ್ಲ.

ಷರಾ ಬಿದ್ದರೂ ಸಭೆಯ ಕಾನೂನು ಬೆನ್ನು ಬಿಡುವುದಿಲ್ಲ. 1983ರ ಕಾನೂನು ಸಂಹಿತೆಯಲ್ಲಿ ವಿಧಿವತ್ತಾಗಿ ಸಭೆ ಬಿಟ್ಟವರಿಗೆ ಕಥೋಲಿಕ ವಿಧಿಯಲ್ಲೇ ಮದುವೆಯಾಗಬೇಕೆಂಬ ನಿಯಮದಿಂದ ವಿನಾಯಿತಿ ಇತ್ತು. 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಆ ಮಾತನ್ನು ತೆಗೆದುಹಾಕಿದರು. 2010ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಹಾಗಾಗಿ ಈಗ ಸಭೆ ಬಿಟ್ಟವರು ಪ್ರಾರ್ಥನಾ ಮನೆಯಲ್ಲೋ ಕಚೇರಿಯಲ್ಲೋ ಕಾನೂನುಬದ್ಧವಾಗಿ ಮದುವೆಯಾದರೆ ಸರ್ಕಾರದ ಲೆಕ್ಕದಲ್ಲಿ ಅದು ಸರಿ, ಸಭೆಯ ಲೆಕ್ಕದಲ್ಲಿ ಸಿಂಧುವಲ್ಲ. ಮುಂದೆ ತಿರುಗಿ ಬಂದು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ಕೇಳಿದಾಗ ಮೊದಲು ಎದುರಾಗುವ ತೊಡಕು ಇದೇ. ಆ ಮದುವೆಯನ್ನು ಸಿಂಧುಗೊಳಿಸಲು ದಾರಿ ಇದೆ, ಆದರೆ ಇಬ್ಬರ ಜ್ಞಾನಸ್ನಾನದ ಪತ್ರ, ಹಿಂದಿನ ಮದುವೆ ಇದ್ದರೆ ಅದರ ವಿಚಾರಣೆ ಎಲ್ಲ ಬೇಕಾಗುತ್ತದೆ. ಬಿಟ್ಟವರ ವಿಷಯದಲ್ಲಿ ಇನ್ನೊಂದು ಮಾತು: ಮಗುವಿನ ಜ್ಞಾನಸ್ನಾನಕ್ಕೆ ಅವರು ಧರ್ಮ ತಂದೆ ತಾಯಿ ಆಗಿ ನಿಲ್ಲುವಂತಿಲ್ಲ.

ಘಟಪ್ರಭೆ ದಂಡೆ

ಯಾಕ ಬಿಡ್ತಾರ ಅನ್ನೂದಕ್ಕ ಒಂದೇ ಉತ್ತರ ಇಲ್ರಿ. ಎಲ್ಲಿಗೆ ಹೋದ್ರು ಅನ್ನೂದರ ಮ್ಯಾಲೆ ಕಾರಣನೂ ಬದಲಾಗತೈತಿ.

ಅಮೆರಿಕದಾಗ ಪ್ಯೂ ಸಂಶೋಧನಾ ಕೇಂದ್ರ 2009ರಾಗ ಇದನ್ನ ಬಿಡಿಸಿ ನೋಡಿತು. ಕಥೋಲಿಕರಾಗಿ ಬೆಳೆದು ಈಗ ಯಾವ ಧರ್ಮಕ್ಕೂ ಸೇರದವರೊಳಗ ಶೇ. 71 ಮಂದಿ ಹೇಳಿದ್ದು, ನಿಧಾನಕ ದೂರ ಆದ್ವಿ ಅಂತ. ಪ್ರೊಟೆಸ್ಟೆಂಟ್ ಆದವರೊಳಗೂ ಶೇ. 71, ಆದರ ಅವರ ಮಾತ ಬ್ಯಾರೆ: ನಮ್ಮ ಆತ್ಮದ ಹಸಿವು ಅಲ್ಲಿ ಹಿಂಗಲಿಲ್ಲ. ಗುರುಗಳ ಲೈಂಗಿಕ ದೌರ್ಜನ್ಯದ ಪ್ರಕರಣಗಳೇ ದೊಡ್ಡ ಕಾರಣ ಅಂತ ಬಾಳ ಮಂದಿ ತಿಳಿದಾರ; ಅದನ್ನ ಒಂದು ಕಾರಣ ಅಂದವರು ಎರಡೂ ಗುಂಪಿನ್ಯಾಗ ಶೇ. 30 ದಾಟಲಿಲ್ಲ. ಅಂದ್ರ ಜಗಳ ಮಾಡಿ ಹೋದವರಿಗಿಂತ ಸದ್ದಿಲ್ಲದ ಸರಿದವರೇ ಜಾಸ್ತಿ.

ಜರ್ಮನಿದು ಬ್ಯಾರೆ ಕಥಿ. ಅಲ್ಲಿ ಆದಾಯ ತೆರಿಗಿ ಮ್ಯಾಲೆ ಶೇ. 8 ಇಲ್ಲಾ 9 ಚರ್ಚಿನ ತೆರಿಗಿ ಬೀಳತೈತಿ, ಅದು ನಿಲ್ಲಬೇಕಂದ್ರ ಸರ್ಕಾರಿ ಕಚೇರಿಗೆ ಹೋಗಿ ಬಿಟ್ಟೇನಿ ಅಂತ ಬರಸಬೇಕು. ಅದಕ್ಕ ಅಲ್ಲಿ ಎಣಿಕಿ ಪಕ್ಕಾ ಸಿಗತೈತಿ: ಕಥೋಲಿಕ ಸಭೆ ಬಿಟ್ಟವರು 2022ರಾಗ 5,22,821 ಮಂದಿ, 2023ರಾಗ 4,02,694. ನಮ್ಮಲ್ಲಿ ಆ ತೆರಿಗಿ ಇಲ್ಲ, ಕಾಗದದ ಮ್ಯಾಲೆ ಬಿಡೂ ಜರೂರೂ ಇಲ್ಲ. ಬ್ರೆಜಿಲ್‌ನ 2022ರ ಜನಗಣತಿಯೊಳಗ ಕಥೋಲಿಕರು ಶೇ. 56.7ಕ್ಕ ಇಳದಾರ, ಇವ್ಯಾಂಜೆಲಿಕಲ್ ಸಭೆಗಳು ಶೇ. 26.9ಕ್ಕ ಏರ್‍ಯಾವ. ನಮ್ಮ ಕಡೆ ಪ್ರಾರ್ಥನಾ ಮನೆಗೆ ಹೋಗವರನ್ನ ತಿಳಕೋಬೇಕಂದ್ರ ಜರ್ಮನಿಗಿಂತ ಬ್ರೆಜಿಲ್ ನೋಡೂದು ಬೇಶ್.

ಇನ್ನ ನಂಬಿಕಿ. ಧರ್ಮ ಯಾವುದೂ ಇಲ್ಲ ಅನ್ನೂ ಅಮೆರಿಕನ್ನರೊಳಗ ಹತ್ತಕ್ಕ ಏಳು ಮಂದಿ ದೇವರನ್ನೋ ಯಾವುದೋ ಒಂದು ಶಕ್ತಿಯನ್ನೋ ನಂಬ್ತಾರ. ನಾಸ್ತಿಕರು ಆಗೂದು ಕಡಿಮಿ. ಪೆಂತೆಕೊಸ್ತ ಸಭೆಗೆ ಹೋದವರಿಗೆ ತ್ರಿಯೇಕ ದೇವರು, ಯೇಸುವಿನ ಪುನರುತ್ಥಾನ ಹಂಗ ಉಳಿತಾವ. ಹೋಗೂದು ಜಪಸರ, ಸಂತರ ಮಧ್ಯಸ್ಥಿಕಿ, ಪಾಪನಿವೇದನೆ, ಕೂಸಿನ ಜ್ಞಾನಸ್ನಾನ. ಅವರು ದೊಡ್ಡವರನ್ನ ನೀರಾಗ ಮುಳುಗಿಸಿ ಮತ್ತೊಮ್ಮೆ ಸ್ನಾನ ಕೊಡ್ತಾರ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೋಡಿಸ್ಟ್‌ನಂಥ ಹಳೇ ಪ್ರೊಟೆಸ್ಟೆಂಟ್ ಸಭೆಗಳು ಹಂಗ ಮಾಡೂದಿಲ್ಲ, ತಂದೆ ಮಗ ಪವಿತ್ರಾತ್ಮರ ಹೆಸರಿಲೆ ಆಗಿದ್ದರ ಕಥೋಲಿಕ ಸ್ನಾನವನ್ನೇ ಒಪ್ಪತಾವ. ಗುಳೇದಗುಡ್ಡದ ಹಳೇ ಬಾಸೆಲ್ ಮಿಷನ್ ಪರಂಪರೆಯ ಸಭೆಗೂ ಹೊಸ ಪ್ರಾರ್ಥನಾ ಮನೆಗೂ ಇರೂ ದೊಡ್ಡ ಅಂತರ ಇದು. ಎರಡನ್ನೂ ಒಂದೇ ಅಂತ ತಿಳಿದು ಹೋದವರು ಆಮ್ಯಾಲೆ ಪೇಚಿಗೆ ಬೀಳ್ತಾರ.

ಬಿಡಾಕ ಎಲ್ಲಕ್ಕಿಂತ ಕಷ್ಟ ಆಗೂದು ಸತ್ತವರ ಸಲುವಾಗಿ ಮಾಡೂ ಪ್ರಾರ್ಥನಿ. ಕಥೋಲಿಕ ಬೈಬಲ್‌ನಾಗ 73 ಪುಸ್ತಕ, ಪ್ರೊಟೆಸ್ಟೆಂಟರ ಸತ್ಯವೇದದಾಗ 66. ಸತ್ತವರಿಗಾಗಿ ಬಲಿ ಕೊಡಿಸಿದ ಮಾತು ಬರೂದು ಎರಡನೇ ಮಕ್ಕಬಿಯರ ಪುಸ್ತಕದಾಗ, ಅದು ಆ 66ರೊಳಗ ಇಲ್ಲ. ಸತ್ತವರನ್ನ ನೆನೆಯೂ ದಿನ, ನವೆಂಬರ್ 2ಕ್ಕ, ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಿಕೊಂತ ಬಂದ ಮನಿಯವರಿಗೆ ಇನ್ನ ಹಚ್ಚಬ್ಯಾಡ್ರಿ ಅಂದ್ರ, ಅದು ತತ್ವದ ಮಾತಾಗಿ ಉಳಿಯೂದಿಲ್ಲ, ಕರುಳಿಗೇ ಹತ್ತತೈತಿ.

ದಸ್ತಾವೇಜು

ಸರ್ಕಾರದ ಕಡೆಯಿಂದ ನೋಡಿದರೆ ಕಥೋಲಿಕದಿಂದ ಮೆಥೋಡಿಸ್ಟ್‌ಗೆ ಹೋದವರು ಕ್ರೈಸ್ತರಾಗಿಯೇ ಉಳಿಯುತ್ತಾರೆ. ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮ. ಮಗ ಪೂಜೆಗೆ ಹೋಗುತ್ತಿದ್ದನೋ ಇಲ್ಲವೋ ಅಲ್ಲಿ ಲೆಕ್ಕಕ್ಕಿಲ್ಲ.

ಯಾವ ಸಭೆಯೂ ಬೇಡ ಅನ್ನುವವರಿಗೆ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂರು ಸಾಕ್ಷಿ ಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸ್. ಚರ್ಚಿನ ನ್ಯಾಯಮಂಡಳಿ ಮದುವೆ ಅಸಿಂಧು ಅಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಜಾತಿ ಪ್ರಮಾಣಪತ್ರ ಸೂಕ್ಷ್ಮ ವಿಷಯ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದ ಪರಿಶಿಷ್ಟರು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿದ್ದಾರೆ, ಇತರ ಕ್ರೈಸ್ತರು 3ಬಿಯಲ್ಲಿ. ತಿರುಗಿ ಹಿಂದೂ ಆದವರು ಮೂಲ ಜಾತಿ, ಮರಳಿದ್ದು, ಆ ಸಮುದಾಯ ಒಪ್ಪಿಕೊಂಡದ್ದು ಮೂರನ್ನೂ ಸಾಬೀತು ಮಾಡಬೇಕು (2015ರ ತೀರ್ಪು). ನಂಬಿಕೆ ಇಲ್ಲದೆ ಮೀಸಲಾತಿಗಾಗಿಯೇ ಹಾಗೆ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಹೆಜ್ಜೆಯನ್ನು ವಕೀಲರನ್ನು ಕೇಳದೆ ಇಡಬೇಡಿ.

ಖಾನಾಪುರ ರೋಡ್

ಉಪಕಾರ ಆತ್ರಿ. ಒಂದ ಉಳೀತು: ಪೂಜೆಗೆ ಹೋಗೂದು ಬಿಟ್ಟವರು ತೀರಿಕೊಂಡ್ರ ಚರ್ಚಿನ ಸಿಮೆಟ್ರಿಯೊಳಗ ಮಣ್ಣು ಕೊಡ್ತಾರೇನು?

ಕ್ಯಾಂಪಿನ ಗಂಟೆ

ಪೂಜೆಗೆ ಹೋಗದಿರುವುದೊಂದೇ ಅಡ್ಡಿಯಲ್ಲ. ಅಂತ್ಯಸಂಸ್ಕಾರ ನಿರಾಕರಿಸುವುದು ಬಹಿರಂಗವಾಗಿ ವಿಶ್ವಾಸ ತೊರೆದವರಿಗೆ, ಅದೂ ಸಾಯುವ ಮುಂಚೆ ಪಶ್ಚಾತ್ತಾಪದ ಒಂದು ಗುರುತೂ ಇಲ್ಲದಿದ್ದರೆ. ಅನುಮಾನವಿದ್ದರೆ ಗುರುಗಳು ಬಿಷಪ್ಪರನ್ನು ಕೇಳಬೇಕು. ಷರಾ ಬರೆಸಿದವರ ಮನೆಯವರಿಗೆ ತೊಂದರೆ ಆಗುವುದು ಇಲ್ಲೇ, ಯಾಕೆಂದರೆ ಪತ್ರ ಕೊಟ್ಟದ್ದು ಅವರಿಗೆ ಗೊತ್ತೇ ಇರುವುದಿಲ್ಲ. ಬೇರೆ ಸಭೆ ಸೇರಿದವರು ಆ ಸಭೆಗೆ ಸ್ವಂತ ಸ್ಮಶಾನ ಇದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಲಿ. ಸಣ್ಣ ಪ್ರಾರ್ಥನಾ ಮನೆಗಳಿಗೆ ಇಲ್ಲದಿರಬಹುದು. ಎಲ್ಲಿ, ಯಾವ ವಿಧಿಯಲ್ಲಿ ಮಣ್ಣು ಮಾಡಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಮನೆಯವರ ಕೈಗೆ ಕೊಟ್ಟಿರಲಿ.