ಓದಿನ ಜೊತೆಗೆ ಕಥೋಲಿಕ ಚಿಂತನೆ: ಬಳ್ಳಾರಿಯ ವಿದ್ಯಾರ್ಥಿನಿಯ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ

ನಾನು ಬಳ್ಳಾರಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿರುವ ಕಥೋಲಿಕ ವಿದ್ಯಾರ್ಥಿನಿ. ದೃಢೀಕರಣ ಸಂಸ್ಕಾರದೊಂದಿಗೆ ನನ್ನ ಧರ್ಮೋಪದೇಶದ ಪಾಠ ಮುಗಿಯಿತು. ಅಂದಿನಿಂದ ನನ್ನ ವಿಶ್ವಾಸವು ಭಾನುವಾರದ ಬಲಿಪೂಜೆಗೆ ಸೇರಿದ್ದು, ವಿದ್ಯೆಯು ಗ್ರಂಥಾಲಯಕ್ಕೆ ಸೇರಿದ್ದು ಎಂಬಂತೆ ಬೇರೆಬೇರೆಯಾಗಿ ಉಳಿದಿವೆ. ಆಗಸ್ಟೀನ್, ಅಕ್ವಿನಾಸ್, ನ್ಯೂಮನ್ ಮುಂತಾದ ಕಥೋಲಿಕ ಚಿಂತಕರ ಹೆಸರು ಕೇಳಿದ್ದೇನೆ, ಓದಿಲ್ಲ. ಸೆಮಿಸ್ಟರ್ ಪರೀಕ್ಷೆಗಳ ನಡುವೆ ಎಲ್ಲಿಂದ ಆರಂಭಿಸಬೇಕು? ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇದು ಕೈಗೆಟುಕುತ್ತದೆಯೇ? ನನ್ನೊಂದಿಗೆ ಓದಲು ಲಿಂಗಾಯತ ಗೆಳತಿಯೊಬ್ಬಳು ಉತ್ಸುಕಳಾಗಿದ್ದಾಳೆ. ಅವಳನ್ನು ಸೇರಿಸಿಕೊಳ್ಳುವುದು ಸರಿಯೇ? ಅನುಭವವುಳ್ಳವರು ತಿಳಿಸಬೇಕಾಗಿ ಕೋರಿಕೆ.

ಅರ್ಥಶಾಸ್ತ್ರ ಅಧ್ಯಾಪಕರು, ಬಳ್ಳಾರಿ

ನಿಮ್ಮ ಶಾಸ್ತ್ರವು ಯಾವ ಪ್ರಶ್ನೆ ಕೇಳುತ್ತದೆಯೋ ಅದನ್ನೇ ಹಿಡಿದುಕೊಂಡು ಈ ಪರಂಪರೆಯೊಳಗೆ ಹೋಗಿ ಎಂಬುದು ನನ್ನ ಮೊದಲ ಸಲಹೆ. ಥಾಮಸ್ ಅಕ್ವಿನಾಸರ (1225–1274) ‘ಸುಮ್ಮಾ ಥಿಯಾಲಜಿಯೆ’ ಎಂಬ ದೇವಶಾಸ್ತ್ರದ ಬೃಹದ್ಗ್ರಂಥವನ್ನು ಮೊದಲ ಪುಟದಿಂದ ತೆರೆದು, ಕೆಲವೇ ದಿನಗಳಲ್ಲಿ ಮುಚ್ಚಿಟ್ಟ ಅನೇಕ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅದು ಪ್ರಶ್ನೆ, ಉಪಪ್ರಶ್ನೆಗಳಾಗಿ ವಿಂಗಡಿಸಿದ ಗ್ರಂಥವಾದ್ದರಿಂದ ನಮಗೆ ಬೇಕಾದ ಕಡೆಗೆ ನೇರವಾಗಿ ಹೋಗಬಹುದು. ನಿಮಗೆ ಬೇಕಾದದ್ದು ಎರಡನೆಯ ಭಾಗದ ದ್ವಿತೀಯಾರ್ಧದಲ್ಲಿರುವ 77ನೆಯ ಪ್ರಶ್ನೆ. ಕೊಡುಕೊಳ್ಳುವಿಕೆಯಲ್ಲಿ ನಡೆಯುವ ಮೋಸ ಅದರ ವಿಷಯ. ವಸ್ತುವನ್ನು ಅದರ ಯೋಗ್ಯ ಬೆಲೆಗಿಂತ ಹೆಚ್ಚಿಗೆ ಮಾರಬಹುದೇ, ಮಾಲಿನಲ್ಲಿರುವ ದೋಷವನ್ನು ಮಾರುವವನು ಬಾಯಿಬಿಟ್ಟು ಹೇಳಲೇಬೇಕೇ ಎಂದು ಅಲ್ಲಿ ಒಂದೊಂದಾಗಿ ವಿಚಾರಣೆ ನಡೆಯುತ್ತದೆ.

ಮೂರನೆಯ ಉಪಪ್ರಶ್ನೆಯಲ್ಲಿ ಬರುವ ಒಂದು ಪ್ರಸಂಗವನ್ನು ನಾನು ತರಗತಿಯಲ್ಲೂ ಬಳಸುತ್ತೇನೆ. ಗೋಧಿಗೆ ಬೆಲೆ ಏರಿರುವ ಊರಿಗೆ ವ್ಯಾಪಾರಿಯೊಬ್ಬ ಗೋಧಿ ತರುತ್ತಾನೆ. ತನ್ನ ಹಿಂದೆಯೇ ಇನ್ನೂ ಹಲವರು ಗೋಧಿ ಹೇರಿಕೊಂಡು ಬರುತ್ತಿದ್ದಾರೆಂದು ಅವನಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಅವನು ಅದನ್ನು ಹೇಳಬೇಕೇ? ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಕಾಲದಿಂದಲೂ ಚರ್ಚೆಯಲ್ಲಿದ್ದ ಪ್ರಸಂಗವಿದು. ದೋಷವಿರುವ ಮಾಲಿನ ಬೆಲೆ ಈ ಕ್ಷಣದಲ್ಲೇ ಕಡಿಮೆಯಾಗಿರುತ್ತದೆ, ಗೋಧಿಯ ಬೆಲೆಯಾದರೋ ಮುಂದೆ ಇಳಿಯಲಿದೆ; ಆದ್ದರಿಂದ ಇಂದಿನ ಬೆಲೆಗೆ ಮಾರಿದವನು ನ್ಯಾಯಕ್ಕೆ ವಿರುದ್ಧವಾಗಿ ನಡೆದಂತೆ ಕಾಣುವುದಿಲ್ಲ; ಆದರೆ ಅವನು ಇದ್ದದ್ದನ್ನು ತಿಳಿಸಿದರೆ, ಅಥವಾ ತಾನಾಗಿಯೇ ಬೆಲೆ ಇಳಿಸಿದರೆ, ಅದು ಇನ್ನೂ ದೊಡ್ಡ ಸದ್ಗುಣ ಎನ್ನುತ್ತಾರೆ ಅಕ್ವಿನಾಸ್. ನ್ಯಾಯವಾಗಿ ಸಲ್ಲಿಸಲೇಬೇಕಾದದ್ದು ಎಲ್ಲಿಗೆ ಮುಗಿಯುತ್ತದೆ, ಔದಾರ್ಯ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಇಷ್ಟು ಎಚ್ಚರದಿಂದ ಅಳೆದ ಮಾತು ನನ್ನ ಓದಿನಲ್ಲಿ ಅಪರೂಪ. ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿಯ ಆವಕ ಏರಿದ ದಿನ ದರ ಕುಸಿಯುವುದನ್ನು ನೋಡಿ ಬೆಳೆದ ರೈತರ ಮಕ್ಕಳಿಗೆ ಈ ಪ್ರಸಂಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಾದ ಮೇಲೆ, ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧವನ್ನು ಓದಿ. ನಿಮ್ಮ ಪಠ್ಯಕ್ರಮದಲ್ಲಿ ಅದರ ಪ್ರಸ್ತಾಪ ಇದ್ದೇ ಇರುತ್ತದೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿರುವುದರಿಂದ ಮಾರುಕಟ್ಟೆಗೆ ಏನಾಗುತ್ತದೆ ಎಂದು ಅಕೆರ್ಲಾಫ್ ಕೇಳಿದರೆ, ಮಾರುವವನಿಗೆ ಏನಾಗುತ್ತದೆ ಎಂದು ಅಕ್ವಿನಾಸ್ ಕೇಳುತ್ತಾರೆ. ಎರಡೂ ಪ್ರಶ್ನೆಗಳು ನಿಮಗೆ ಬೇಕು.

ಅಲ್ಲಿಂದ ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರಕ್ಕೆ (ಪೋಪ್ ಧರ್ಮಸಭೆಗೆಲ್ಲ ಬರೆಯುವ ಬೋಧನೆಯ ಪತ್ರ) ಬನ್ನಿ. ಕೂಲಿಯನ್ನು ಇಬ್ಬರೂ ಒಪ್ಪಿದ್ದಾರೆ ಎಂಬ ಒಂದೇ ಕಾರಣಕ್ಕೆ ಅದು ನ್ಯಾಯವಾದ ಕೂಲಿಯಾಗಿಬಿಡುವುದಿಲ್ಲ, ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಅದು ಸಾಲಬೇಕು ಎಂಬುದು ಅದರ ಕೇಂದ್ರ ವಾದಗಳಲ್ಲೊಂದು. ಖಾಸಗಿ ಆಸ್ತಿಯ ಹಕ್ಕನ್ನೂ ಅದೇ ಪತ್ರ ಗಟ್ಟಿಯಾಗಿ ಎತ್ತಿಹಿಡಿಯುತ್ತದೆ. ಆದ್ದರಿಂದ ಎಡ ಅಥವಾ ಬಲ ಎಂಬ ಹಣೆಪಟ್ಟಿ ಹಚ್ಚಲು ಹೋಗದೆ ಓದಿದರೆ ಹೆಚ್ಚು ದಕ್ಕುತ್ತದೆ. ತೋರಣಗಲ್ಲಿನ ಗುತ್ತಿಗೆ ಕಾರ್ಮಿಕರ ಕೂಲಿಯನ್ನು ಕುರಿತು ಕಿರುಪ್ರಬಂಧ ಬರೆದ ನನ್ನ ವಿದ್ಯಾರ್ಥಿಯೊಬ್ಬ ಈ ಪತ್ರವನ್ನು ಓದಿದ ಮೇಲೆ ತನ್ನ ಪ್ರಶ್ನಾವಳಿಗೆ ಮನೆ ಬಾಡಿಗೆ, ಮಕ್ಕಳ ಶಾಲೆಯ ಖರ್ಚು, ವಾರದ ರಜೆ ಇವುಗಳ ಪ್ರಶ್ನೆಗಳನ್ನು ಸೇರಿಸಿದ. ಓದು ಹೀಗೆ ಸಂಶೋಧನೆಯೊಳಕ್ಕೆ ಇಳಿದಾಗ ಅದಕ್ಕೆ ಪ್ರತ್ಯೇಕ ಸಮಯ ಹೊಂದಿಸುವ ಚಿಂತೆ ಅರ್ಧ ಕಡಿಮೆಯಾಗುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿ, ಕೃಷಿ ವಿಜ್ಞಾನ, ರಾಯಚೂರು

ನಾನು ಸಸ್ಯ ತಳಿಶಾಸ್ತ್ರದವನು. ನಮ್ಮ ಶಾಸ್ತ್ರದ ಮೊದಲ ಪಾಠವೇ ಬ್ರನೋ ನಗರದ ಆಗಸ್ಟೀನಿಯನ್ ಮಠದ ತೋಟದಲ್ಲಿ ನಡೆದದ್ದು. ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ, 1866ರಲ್ಲಿ ಪ್ರಬಂಧ ಪ್ರಕಟಿಸಿದರು. 1900ರವರೆಗೆ ಅದರ ಮಹತ್ವವನ್ನು ಜಗತ್ತು ಗುರುತಿಸಲಿಲ್ಲ. ಅವರು ಸನ್ಯಾಸಿಯಾಗಿದ್ದರು ಎಂದು ನಮ್ಮ ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ಮಠವೇ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿತ್ತು, ಅಲ್ಲಿ ಡಾಪ್ಲರ್ ಅವರಿಂದ ಭೌತಶಾಸ್ತ್ರ ಕಲಿತರು, ಎಣಿಸುವ ಮತ್ತು ಪ್ರಯೋಗ ಕಟ್ಟುವ ಶಿಸ್ತಿಗೆ ಆ ಕಲಿಕೆ ಒದಗಿಬಂತು ಎಂಬುದನ್ನು ತಿಳಿದಾಗ ನನಗೆ ಮಠ ಮತ್ತು ಪ್ರಯೋಗಶಾಲೆಯ ಸಂಬಂಧ ಬೇರೆಯಾಗಿಯೇ ಕಾಣಿಸತೊಡಗಿತು.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಪಾದ್ರಿಗಳಾಗಿದ್ದ ವಿಜ್ಞಾನಿಗಳ ಪಟ್ಟಿಯನ್ನು ವಾದದಲ್ಲಿ ಗೆಲ್ಲಲು ಬಳಸುವುದು ಈ ಪರಂಪರೆಗೆ ಒಪ್ಪುವ ರೀತಿಯಲ್ಲ. ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲೆಮೈತ್ರ್ 1927ರಲ್ಲಿ ವಿಶ್ವವು ಹಿಗ್ಗುತ್ತಿದೆಯೆಂದು ಗಣಿತದ ಮೂಲಕ ತೋರಿಸಿದರು, 1931ರಲ್ಲಿ ವಿಶ್ವವು ಒಂದು ಆದಿಮ ಪರಮಾಣುವಿನಿಂದ ಆರಂಭವಾಯಿತೆಂಬ ಕಲ್ಪನೆಯನ್ನು ಮುಂದಿಟ್ಟರು. ಮುಂದೆ 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಆ ವಿಜ್ಞಾನವು ಸೃಷ್ಟಿಯ ನಂಬಿಕೆಗೆ ಬೆಂಬಲ ನೀಡುತ್ತದೆ ಎಂಬ ಧಾಟಿಯಲ್ಲಿ ಮಾತನಾಡಿದಾಗ ಲೆಮೈತ್ರ್ ಅವರಿಗೆ ಅದು ಸರಿಬರಲಿಲ್ಲ. ಭೌತಶಾಸ್ತ್ರದ ಊಹೆಯು ಭೌತಶಾಸ್ತ್ರದ ಪರೀಕ್ಷೆಯಲ್ಲೇ ನಿಲ್ಲಬೇಕು ಅಥವಾ ಬೀಳಬೇಕು ಎಂಬುದು ಅವರ ನಿಲುವು. ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ‘ಗೌದಿಯುಮ್ ಎತ್ ಸ್ಪೆಸ್’ ದಸ್ತಾವೇಜಿನ 36ನೆಯ ಪರಿಚ್ಛೇದವೂ ವಿಜ್ಞಾನಗಳಿಗೆ ಅವುಗಳದೇ ಆದ ನಿಯಮ, ಸ್ವಾಯತ್ತತೆ ಇವೆ ಎಂದು ಹೇಳುತ್ತದೆ. ಚಿಕ್ಕ ಪರಿಚ್ಛೇದ; ವಿಜ್ಞಾನದ ವಿದ್ಯಾರ್ಥಿಗಳು ಅಲ್ಲಿಂದಲೇ ಆರಂಭಿಸಬಹುದು.

ಭೂವಿಜ್ಞಾನದ ವಿದ್ಯಾರ್ಥಿನಿ, ಸಂಡೂರು

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಕೆಳಗಿನ ಶಿಲಾಸ್ತರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು 1669ರಲ್ಲಿ ಮಂಡಿಸಿದ ನಿಕೊಲಾಸ್ ಸ್ಟೆನೊ ಮುಂದೆ ಗುರುವಾಗಿ, ಧರ್ಮಾಧ್ಯಕ್ಷರಾಗಿ ಬಾಳಿದವರು. 1988ರಲ್ಲಿ ಅವರನ್ನು ಪುನೀತರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಲಾಯಿತು. ಸಂಡೂರಿನ ಬೆಟ್ಟಗಳಲ್ಲಿ ಸ್ತರಗಳು ಬಾಗಿ, ಮಡಚಿ, ಕೆಲವೆಡೆ ತಲೆಕೆಳಗಾಗಿಯೂ ಇರುವುದರಿಂದ ಅಲ್ಲಿ ಅವರ ನಿಯಮವನ್ನು ಹಾಗೆಯೇ ಅನ್ವಯಿಸಲಾಗುವುದಿಲ್ಲ, ಮೊದಲು ಮಡಿಕೆಯನ್ನು ಬಿಡಿಸಿ ನೋಡಬೇಕು. ಅವರನ್ನು ಓದಲು ನನಗೆ ಆಸೆ ಹುಟ್ಟಿದ್ದೇ ಕ್ಷೇತ್ರಕಾರ್ಯದ ಈ ಕಷ್ಟದಿಂದ.

ಕನ್ನಡ ಎಂ.ಎ. ಮುಗಿಸಿದವಳು, ಕೊಪ್ಪಳ

ನಿಮ್ಮ ಗೆಳತಿಯ ಸ್ಥಾನದಲ್ಲಿ ಇದ್ದವಳು ನಾನು. ಲಿಂಗಾಯತ ಮನೆತನದವಳು, ಇಂದಿಗೂ ಇಷ್ಟಲಿಂಗ ಪೂಜೆ ಮಾಡುವವಳು. ಹಾಸ್ಟೆಲಿನ ಕಥೋಲಿಕ ಸಹಪಾಠಿಯೊಂದಿಗೆ ಓದಲು ಕೂತಾಗ ನನಗೆ ಅಕ್ವಿನಾಸ್ ಬೇಗ ಹಿಡಿಸಿದರು, ಏಕೆಂದರೆ ಅವರ ಕ್ರಮ ನಮಗೆ ಹೊಸದಲ್ಲ. ಅವರು ಮೊದಲು ಎದುರಾಳಿಯ ಆಕ್ಷೇಪಗಳನ್ನು ಇಡುತ್ತಾರೆ, ನಂತರ ತಮ್ಮ ಸಿದ್ಧಾಂತವನ್ನು ಹೇಳುತ್ತಾರೆ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಡುತ್ತಾರೆ. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲ ಎಂದು ನಂಬಿದ ನಾಡು ನಮ್ಮದು. ದೇವರು ಇದ್ದಾನೆಯೇ ಎಂಬ ಪ್ರಶ್ನೆಯಲ್ಲಿ ಅವರು ಮೊದಲು ಇಡುವ ಆಕ್ಷೇಪವೇ ಕೆಡುಕಿನದು: ಅನಂತವಾದ ಒಳಿತು ಇರುವುದಾದರೆ ಜಗತ್ತಿನಲ್ಲಿ ಕೆಡುಕು ಕಾಣಬಾರದಿತ್ತಲ್ಲ ಎಂಬುದು. ಅದನ್ನು ನನ್ನ ಬಾಯಿಂದ ಬರಬಹುದಾಗಿದ್ದಕ್ಕಿಂತ ಬಲವಾಗಿ ಅವರೇ ಹೇಳಿದ್ದನ್ನು ಕಂಡು ಅವರ ಮೇಲೆ ನನಗೆ ಗೌರವ ಮೂಡಿತು. ಅವರ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ನಮ್ಮ ಚರ್ಚೆ ಈಗಲೂ ಮುಂದುವರಿದಿದೆ.

ಪೋಪ್ ಎರಡನೆಯ ಜಾನ್ ಪಾಲ್ ಅವರ 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರವನ್ನು ಇಬ್ಬರೂ ಸೇರಿ ಓದಿದ್ದು ನನಗೆ ಅತ್ಯಂತ ಫಲ ಕೊಟ್ಟ ಓದು. ದುಡಿಮೆ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯ ದುಡಿಮೆಗಾಗಿ ಅಲ್ಲ ಎಂಬ ಅದರ ವಾದವನ್ನು ಬಸವಾದಿ ಶರಣರ ಕಾಯಕ, ದಾಸೋಹಗಳ ಪಕ್ಕದಲ್ಲಿಟ್ಟು ನೋಡಿದೆವು. ಎರಡೂ ಒಂದೇ ಎಂದು ಹೇಳಿಬಿಡುವ ಆತುರವನ್ನು ನನ್ನ ಸಹಪಾಠಿಯೇ ತಡೆದಳು. ಕಾಯಕದ ಹಿಂದಿರುವ ಜಂಗಮ ತತ್ವ ಬೇರೆ, ಸೃಷ್ಟಿಕರ್ತನ ಕೆಲಸದಲ್ಲಿ ಮನುಷ್ಯ ಪಾಲುಗೊಳ್ಳುತ್ತಾನೆಂಬ ಅವರ ನಂಬಿಕೆ ಬೇರೆ; ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಗುರುತಿಸುವುದರಲ್ಲೇ ನನಗೆ ವಚನಗಳೂ ಹೆಚ್ಚು ಸ್ಪಷ್ಟವಾದವು. ಪುಣೆಯಲ್ಲಿ ಪಾಠ ಹೇಳಿದ ಯೇಸುಸಭೆ ಎಂಬ ಕಥೋಲಿಕ ಸನ್ಯಾಸಿ ಸಂಘದ ರಿಚರ್ಡ್ ಡಿ ಸ್ಮೆಟ್ ಶಂಕರರ ವಿಧಾನವನ್ನೇ ಡಾಕ್ಟರೇಟಿಗೆ ವಿಷಯವಾಗಿ ಆರಿಸಿಕೊಂಡರು. ಅದೇ ಸಭೆಯ ಕಾಮಿಲ್ ಬುಲ್ಕೆ ರಾಮಕಥೆಯ ಉಗಮ, ವಿಕಾಸಗಳನ್ನು ಕುರಿತು 1950ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ ಗ್ರಂಥವನ್ನು ವಿದ್ವಾಂಸರು ಇಂದಿಗೂ ತೆರೆಯುತ್ತಾರೆ. ಅವರು ನಮ್ಮದನ್ನು ಅಷ್ಟು ಶ್ರದ್ಧೆಯಿಂದ ಓದಿರುವಾಗ ನಾವು ಅವರದನ್ನು ಓದುವುದರಲ್ಲಿ ಅಳುಕಬೇಕಾದದ್ದೇನೂ ಇಲ್ಲ.

ಗೆಳತಿಯನ್ನು ಖಂಡಿತ ಸೇರಿಸಿಕೊಳ್ಳಿ. ಆದರೆ ಮೊದಲ ದಿನವೇ ಇಬ್ಬರೂ ಮುಖಾಮುಖಿ ಕೂತು, ಇದು ಅರಿಯುವ ಓದು, ಯಾರನ್ನೂ ಎಲ್ಲಿಗೂ ಒಯ್ಯುವ ಓದಲ್ಲ ಎಂದು ಮಾತಾಡಿಕೊಳ್ಳಿ, ಎರಡೂ ಮನೆಗಳಿಗೂ ತಿಳಿಸಿ. ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದು ಎಂದು ನಿಮ್ಮ ಧರ್ಮಸಭೆಯೇ 1965ರ ‘ದಿಗ್ನಿತಾತಿಸ್ ಹುಮಾನೆ’ ಘೋಷಣೆಯಲ್ಲಿ ಹೇಳಿದೆ. ಅದನ್ನೇ ಮೊದಲ ವಾರದ ಪಾಠವಾಗಿ ಇಟ್ಟುಕೊಳ್ಳಬಹುದು. ಮುಚ್ಚುಮರೆ ಇಲ್ಲದ್ದರಿಂದ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ನಿವೃತ್ತ ಶಿಕ್ಷಕರು, ಧರ್ಮೋಪದೇಶಕರು, ಮುದಗಲ್

ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕರು ನೆಲೆಸಿರುವ ಊರು ನಮ್ಮದು. ಆದ್ದರಿಂದ ಈ ಪರಂಪರೆ ಪರದೇಶದ್ದು, ನಮ್ಮಂಥವರಿಗೆ ಸಲ್ಲುವುದಲ್ಲ ಎಂಬ ಸಂಕೋಚವನ್ನು ಮಕ್ಕಳು ಬಿಡಬೇಕೆಂದು ನಾನು ಹೇಳುತ್ತ ಬಂದಿದ್ದೇನೆ. ಎರಡನೆಯ ಜಾನ್ ಪಾಲ್ ಅವರು ವಿಶ್ವಾಸ ಮತ್ತು ವಿಚಾರಶಕ್ತಿಯನ್ನು ಕುರಿತು 1998ರಲ್ಲಿ ಬರೆದ ‘ಫಿದೆಸ್ ಎತ್ ರಾತ್ಸಿಯೊ’ ಪತ್ರದ 72ನೆಯ ಪರಿಚ್ಛೇದವು, ಪೂರ್ವದೇಶಗಳ ಪೈಕಿ ಭಾರತಕ್ಕೆ ವಿಶೇಷ ಸ್ಥಾನವಿದೆ ಎಂದು ಹೇಳಿ, ಇಲ್ಲಿನ ಕ್ರೈಸ್ತರು ತಮ್ಮ ನಾಡಿನ ಚಿಂತನೆಯಿಂದ ವಿಶ್ವಾಸಕ್ಕೆ ಹೊಂದುವಂಥದ್ದನ್ನು ತೆಗೆದುಕೊಳ್ಳಬೇಕೆಂದು ಕೇಳುತ್ತದೆ.

ಭಾಷೆಯ ತೊಡಕು ನಿಜವಾದದ್ದೇ. ಬೈಬಲ್ ಕನ್ನಡದಲ್ಲಿ ಚೆನ್ನಾಗಿ ಸಿಗುತ್ತದೆ, ಆದರೆ ತತ್ವಗ್ರಂಥಗಳಿಗೆ ಬಹುಮಟ್ಟಿಗೆ ಇಂಗ್ಲಿಷ್ ಅನುವಾದಗಳನ್ನೇ ನೆಚ್ಚಬೇಕಾಗುತ್ತದೆ. ವಿಶ್ವಪತ್ರಗಳ ಇಂಗ್ಲಿಷ್ ಪಾಠ ವ್ಯಾಟಿಕನ್ನಿನ ಜಾಲತಾಣದಲ್ಲಿ ಉಚಿತವಾಗಿದೆ, ಸುಮ್ಮಾದ ಹಳೆಯ ಅನುವಾದವೂ ಅಂತರ್ಜಾಲದಲ್ಲಿ ಪೂರ್ತಿಯಾಗಿ ದೊರೆಯುತ್ತದೆ. ನಮ್ಮ ಯುವಕರ ಗುಂಪಿನಲ್ಲಿ ನಾವು ಅನುಸರಿಸುವ ಕ್ರಮವೆಂದರೆ, ವಾರಕ್ಕೆ ಎರಡು ಮೂರು ಪುಟ ಮಾತ್ರ ಓದುವುದು, ಓದಿದ್ದರ ವಾದವನ್ನು ಪುಸ್ತಕ ಮುಚ್ಚಿ ಕನ್ನಡದಲ್ಲಿ ಅರ್ಧ ಪುಟ ಬರೆಯುವುದು, ಬರೆದದ್ದನ್ನು ಭಾನುವಾರ ಪೂಜೆಯ ನಂತರ ಒಬ್ಬರಿಗೊಬ್ಬರು ಓದಿ ಹೇಳುವುದು. ಕನ್ನಡದಲ್ಲಿ ಬರೆಯಲಾಗದ ಭಾಗ ಅರ್ಥವಾಗಿಲ್ಲವೆಂದೇ ಲೆಕ್ಕ. ಅದನ್ನು ಮುಂದಿನ ವಾರ ಮತ್ತೆ ಹಿಡಿಯುತ್ತೇವೆ. ಪರೀಕ್ಷೆಯ ತಿಂಗಳಲ್ಲಿ ನಿಲ್ಲಿಸಿಬಿಡಿ. ಓದಬೇಕಾದ ಪಾಠವನ್ನು ನಿಷ್ಠೆಯಿಂದ ಓದುವುದೂ ವಿದ್ಯಾರ್ಥಿಯ ಧರ್ಮವೇ.

ಪೋಪ್ ಫ್ರಾನ್ಸಿಸ್ ಅವರ 2015ರ ‘ಲೌದಾತೊ ಸೀ’ ಪತ್ರದ 51ನೆಯ ಪರಿಚ್ಛೇದದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ತೀರಿಸಬೇಕಾದ ಪರಿಸರದ ಸಾಲದ ಮಾತು ಬರುತ್ತದೆ. ಕಚ್ಚಾವಸ್ತುವಿನ ರಫ್ತಿನಿಂದ ಸ್ಥಳೀಯರಿಗೆ ಆಗುವ ಹಾನಿಗೆ ಚಿನ್ನ, ತಾಮ್ರಗಳ ಗಣಿಗಾರಿಕೆಯನ್ನೇ ಉದಾಹರಣೆ ಕೊಟ್ಟಿದ್ದಾರೆ. ಹಟ್ಟಿಯ ಚಿನ್ನದ ಗಣಿ ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ ಆ ಪುಟ ಬಂದಾಗ ನಮ್ಮ ಹುಡುಗರ ಚರ್ಚೆ ಊಟದ ಹೊತ್ತು ಮೀರಿ ನಡೆಯಿತು. ಕಬ್ಬಿಣದ ಅದಿರು ಹಡಗು ಹತ್ತಿದ ಕಾಲವನ್ನೂ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿದ್ದನ್ನೂ ಕಂಡ ಬಳ್ಳಾರಿಯಲ್ಲಿ ಓದುವ ನಿಮಗೆ ಆ ಪರಿಚ್ಛೇದವೊಂದೇ ಒಂದು ಸೆಮಿನಾರಿಗೆ ಸಾಕಾಗುವಷ್ಟು ವಿಷಯ ಕೊಡುತ್ತದೆ.

ಕಹಿ ಅಧ್ಯಾಯಗಳನ್ನು ಬಿಟ್ಟು ಓದಬೇಡಿ. 1633ರಲ್ಲಿ ಗೆಲಿಲಿಯೊ ಮೇಲೆ ನಡೆದ ವಿಚಾರಣೆ, ಗೋವೆಯಲ್ಲಿ 1560ರಲ್ಲಿ ಆರಂಭವಾದ ಧರ್ಮವಿಚಾರಣಾ ನ್ಯಾಯಾಲಯ, ಇವೆರಡನ್ನೂ ನಮ್ಮ ಗುಂಪಿನಲ್ಲಿ ಇತಿಹಾಸಕಾರರ ಬರಹಗಳಿಂದಲೇ ಓದಿಸುತ್ತೇನೆ. ಸಹಪಾಠಿಗಳು ಇವನ್ನು ಎತ್ತಿ ಕೇಳಿದಾಗ ತಲೆ ತಗ್ಗಿಸದೆ, ಸಿಟ್ಟಿಗೂ ಏಳದೆ, ನಡೆದದ್ದನ್ನು ನಡೆದಂತೆ ಹೇಳುವ ಧೈರ್ಯ ಮಕ್ಕಳಿಗೆ ಬರಬೇಕು.

ಇನ್ನು ಮೊದಲ ಪುಸ್ತಕದ ಮಾತು. ಅರ್ಥಶಾಸ್ತ್ರಕ್ಕೆ ಮೇಲಿನ ಅಧ್ಯಾಪಕರು ಹೇಳಿದ ದಾರಿಯೇ ಸರಿ. ನಿಮಗೂ ಗೆಳತಿಗೂ ಸಮನಾಗಿ ಒಗ್ಗುವಂಥದ್ದು ಬೇಕಿದ್ದರೆ ಆಗಸ್ಟೀನರ (354–430) ‘ಕನ್‌ಫೆಶನ್ಸ್’ ತೆಗೆದುಕೊಳ್ಳಿ. ಮೂರನೆಯ ಭಾಗದಲ್ಲಿ ಅವರು ಕಾರ್ಥೇಜಿನಲ್ಲಿ ವಾಗ್ಮಿತೆ ಕಲಿಯುತ್ತಿರುವ ಹತ್ತೊಂಬತ್ತರ ಹುಡುಗ. ಪಠ್ಯಕ್ರಮದ ಭಾಗವಾಗಿ ಕೈಗೆ ಬಂದ ಸಿಸೆರೊನ ಗ್ರಂಥವೊಂದನ್ನು ಶೈಲಿಗಾಗಿ ಓದಲು ಹೋಗಿ, ಅದರ ವಿಚಾರಕ್ಕೆ ಮಾರುಹೋಗುತ್ತಾರೆ. ಅಲ್ಲಿಂದ ಓದತೊಡಗಿ, ಸ್ಮೃತಿಯನ್ನು ಕುರಿತ ಹತ್ತನೆಯ ಭಾಗ, ಕಾಲವನ್ನು ಕುರಿತ ಹನ್ನೊಂದನೆಯ ಭಾಗ ಕಠಿಣವಾದ್ದರಿಂದ ಅವನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ನ್ಯೂಮನ್ ಅವರು 1852ರಲ್ಲಿ ಡಬ್ಲಿನ್ನಿನಲ್ಲಿ ವಿಶ್ವವಿದ್ಯಾಲಯವನ್ನು ಕುರಿತು ಮಾಡಿದ ಉಪನ್ಯಾಸಗಳ ಇಂಗ್ಲಿಷ್ ವಾಕ್ಯಗಳು ಬಹಳ ಉದ್ದವಾದವು, ಅವು ಎರಡನೆಯ ವರ್ಷಕ್ಕೆ ಇರಲಿ. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ ನೋಡಿ. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ ಓದಿ ಬಂದ ಅವರ ಕಪಾಟಿನಲ್ಲಿ ಇವುಗಳಲ್ಲಿ ಕೆಲವಾದರೂ ಇರುತ್ತವೆ, ಕೇಳಿದ ವಿದ್ಯಾರ್ಥಿಗೆ ಅವರು ಸಂತೋಷದಿಂದಲೇ ಕೊಡುತ್ತಾರೆ.