ತರಕಾರಿ ಆರೋಗ್ಯಕ್ಕೆ ಅಗತ್ಯವೇ, ಹಾನಿಕರವೇ?

ಪ್ರಶ್ನೆ: ತರಕಾರಿಗಳಲ್ಲಿರುವ ಆಕ್ಸಲೇಟ್ ಎಂಬ ಲವಣಗಳು, ಲೆಕ್ಟಿನ್ ಎಂಬ ಪ್ರೋಟೀನ್‌ಗಳು ದೇಹಕ್ಕೆ ಹಾನಿಕರವೆಂದೂ, ಮಾಂಸ ಮತ್ತು ಮೊಟ್ಟೆಗಳೇ ಸಾಕೆಂದೂ ಕೆಲವರು ವಾದಿಸುತ್ತಾರೆ. ಇದರಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಆ ಅಂಶಗಳು ಇರುವುದು ನಿಜ, ಆದರೆ ಅವುಗಳ ಪ್ರಮಾಣವನ್ನೂ ಬೇಯಿಸುವ ಕ್ರಮವನ್ನೂ ಬದಿಗಿಟ್ಟು ಹೆದರಿಸುವುದು ಸರಿಯಲ್ಲ. ಪಾಲಕ್ ಸೊಪ್ಪನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ, ನೀರಿನಲ್ಲಿ ಕರಗುವ ಆಕ್ಸಲೇಟ್‌ನ ಗಣನೀಯ ಭಾಗ ಆ ನೀರಿನೊಡನೆಯೇ ಹೋಗುತ್ತದೆ. ಲೆಕ್ಟಿನ್ ಹೆಚ್ಚಿರುವ ರಾಜ್ಮಾ ಕಾಳನ್ನು ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿ ಮೆತ್ತಗೆ ಬೇಯಿಸಿದರೆ ಅದರ ವಿಷಗುಣ ನಾಶವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿಗಳನ್ನು ಸೂಚಿಸುತ್ತದೆ; ಆಲೂಗಡ್ಡೆ ಈ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಬಹಳಷ್ಟು ಮಂದಿ ಮರೆಯುತ್ತಾರೆ.

ಉತ್ತರ 2: ಕೆಲವರಿಗೆ ಎಚ್ಚರಿಕೆ ನಿಜವಾಗಿಯೂ ಬೇಕು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆಯಿರುವವರು ವೈದ್ಯರನ್ನು ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಔಷಧಿ ಸೇವಿಸುವವರು, ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಹೇರಳವಾಗಿರುವ ಸೊಪ್ಪುಗಳನ್ನು ಒಮ್ಮೆಲೇ ಹೆಚ್ಚಿಸುವುದಾಗಲಿ ಬಿಟ್ಟುಬಿಡುವುದಾಗಲಿ ಮಾಡಬಾರದು.

ಉತ್ತರ 3: ಮಾಂಸ, ಮೊಟ್ಟೆಗಳಲ್ಲಿ ನಾರಿನಂಶವೇ ಇಲ್ಲ ಎಂಬುದನ್ನು ಆ ವಾದ ಮರೆಮಾಚುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂತಹ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಹಾಗೆಂದು ತರಕಾರಿಯೊಂದೇ ಸಾಲದು, ಏಕೆಂದರೆ ಅದರಿಂದ ವಿಟಮಿನ್ ಬಿ12 ದೊರೆಯುವುದಿಲ್ಲ.