ಪದಚರ್ಚೆ: ಟರ್ಬೊ ಬದಲಿಸುವಾಗ ‘ಸೇಫ್’ ಅಂದರೆ ಏನು?

ಗೆಳೆಯರೆ,

ನನ್ನ ಅಕ್ಕನ ಮಗನಿಗೆ ಕಾರಿನ ಹುಚ್ಚು. ಬೆಂಗಳೂರಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಇಟ್ಟುಕೊಂಡಿದ್ದಾನೆ. ಅದರ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ತೆಗೆದು ದೊಡ್ಡದು ಹಾಕಿಸಬೇಕು ಅಂತ ಆರು ತಿಂಗಳಿಂದ ಓದಿದ್ದನ್ನೆಲ್ಲ ಈಗ ಕನ್ನಡದಲ್ಲಿ ಬರೆದಿದ್ದಾನೆ. ‘ಮಾಮ, ಸ್ವಲ್ಪ ತಿದ್ದಿಕೊಡಿ’ ಅಂತ ಕಳಿಸಿದ. ತಲೆಬರಹ, ‘ಸುರಕ್ಷಿತ ಟರ್ಬೊಚಾರ್ಜರ್ ಉನ್ನತೀಕರಣ’. ನಾನು ಅಲ್ಲೇ ಸಿಕ್ಕಿಕೊಂಡೆ.

‘ಉನ್ನತೀಕರಣ’ ಬಿಡಿ. ಅದು ಪ್ರಾಥಮಿಕ ಶಾಲೆಯನ್ನು ಪ್ರೌಢಶಾಲೆ ಮಾಡುವಾಗ ಆದೇಶದಲ್ಲಿ ಬರುವ ಪದ. ಗ್ಯಾರೇಜಿನಲ್ಲಿ ‘ದೊಡ್ಡ ಟರ್ಬೊ ಹಾಕೋದು’ ಅಂತಾರೆ, ಸಾಕಲ್ವಾ? ನನ್ನ ತಕರಾರು ‘ಸುರಕ್ಷಿತ’ದ ಮೇಲೆ.

ಸುರಕ್ಷಿತ ಅಂದ ಕೂಡಲೇ ನೆನಪಾಗೋದು ಸೀಟ್ ಬೆಲ್ಟು, ಹೆಲ್ಮೆಟ್ಟು. ಒಳಗೆ ಕೂತವರಿಗೆ ಪೆಟ್ಟಾಗಬಾರದು ಅನ್ನೋದು ಅದರ ಅರ್ಥ. ಟರ್ಬೊ ಮಾತಿನಲ್ಲಿ ‘ಸೇಫ್’ ಅನ್ನುವವರು ಕೇಳುತ್ತಿರುವುದು ಬೇರೆ. ಇಂಜಿನ್ನು ಇದನ್ನು ತಡೆದುಕೊಳ್ಳುತ್ತದಾ ಅಂತ. ಇವನ ಕಾರಿಗೆ ಕಂಪನಿಯಿಂದ ಬಂದಿರುವುದು ಐಎಸ್20 ಅನ್ನುವ ಟರ್ಬೊ. ಅದೇ ಇಎ888 ಇಂಜಿನ್ ಇರುವ ಗಾಲ್ಫ್ ಆರ್, ಆಡಿ ಎಸ್3 ಕಾರುಗಳಲ್ಲಿ ಇರುವುದು ಐಎಸ್38, ಸ್ವಲ್ಪ ದೊಡ್ಡದು. ಐಎಸ್20 ಜಾಗದಲ್ಲಿ ಐಎಸ್38 ಕೂರುತ್ತದೆ. ಹಾಗಾಗಿ ಎಲ್ಲರೂ ‘ಇದು ಸೇಫ್’ ಅಂತಾರೆ. ಆದರೆ ಟರ್ಬೊ ಕೂತರೆ ಮುಗಿಯಲಿಲ್ಲ. ಕಾರಿನ ಗೇರ್‌ಬಾಕ್ಸಿಗೆ ಕಂಪನಿ ಕೊಟ್ಟಿರುವ ಹೊರೆಯ ಮಿತಿ 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದನ್ನು ಮೀರಿಸಿದರೆ ಮೊದಲು ಜಾರುವುದು ಕ್ಲಚ್ಚು. ಗಾಳಿ ಜಾಸ್ತಿಯಾದ ಹಾಗೆ ಪೆಟ್ರೋಲೂ ಜಾಸ್ತಿ ಬೇಕು, ಪಂಪು ಸೋತರೆ ಪಿಸ್ಟನ್ನಿಗೆ ಕಷ್ಟ. ಅಂದರೆ ಟರ್ಬೊ ಒಂದನ್ನೇ ಹಿಡಿದುಕೊಂಡು ‘ಸುರಕ್ಷಿತ’ ಅನ್ನಲು ಬರುವುದಿಲ್ಲ.

ಇದಕ್ಕೆ ನನಗೆ ಹೊಳೆದದ್ದು ‘ತಾಳಿಕೆ’. ‘ಈ ಹಗ್ಗ ಆ ಕೊಡಕ್ಕೆ ತಾಳಲ್ಲ’ ಅಂತ ನಮ್ಮಮ್ಮ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದರು. ಅಲ್ಲಿ ಹಗ್ಗವೂ ಬಂತು, ಕೊಡವೂ ಬಂತು. ಯಾವುದು, ಯಾವುದಕ್ಕೆ ಅಂತ ಹೇಳದೆ ‘ತಾಳು’ ಅನ್ನಲು ಆಗುವುದಿಲ್ಲ. ‘ಸುರಕ್ಷಿತ ಟರ್ಬೊ’ ಅಂದರೆ ಅಂಗಡಿಯವನು ಅಂಟಿಸಿದ ಚೀಟಿ. ‘ಇಂಜಿನ್ ತಾಳಿಕೆಗೆ ತಕ್ಕ ಟರ್ಬೊ’ ಅಂದರೆ, ಯಾವ ಭಾಗ ಎಷ್ಟು ತಾಳುತ್ತದೆ ಅಂತ ಕೇಳಲೇಬೇಕಾಗುತ್ತದೆ. ‘ಬಾಳಿಕೆ’ ಕೂಡ ಹತ್ತಿರದ್ದೇ, ಆದರೆ ಅದು ಎಷ್ಟು ದಿನ ಬರುತ್ತದೆ ಅನ್ನುವುದರ ಲೆಕ್ಕ. ಬಟ್ಟೆಗೆ ‘ತಾಳಿಕೆ ಬರುತ್ತೆ’ ಅಂತ ಅನ್ನುವುದನ್ನು ಕೇಳಿದ್ದೇನೆ. ನಿಮ್ಮ ಕಡೆ ಯಂತ್ರಕ್ಕೂ ಹೀಗೆ ಅಂತಾರಾ?

ಎರಡನೆಯದು ವೇಸ್ಟ್‌ಗೇಟ್. ಹುಡುಗ ‘ತ್ಯಾಜ್ಯ ದ್ವಾರ’ ಅಂತ ಬರೆದಿದ್ದ. ಓದಿ ನಕ್ಕುಬಿಟ್ಟೆ. ಅವನಿಗೆ ಕೋಪ ಬಂತು. ಇಂಜಿನ್ನಿನಿಂದ ಬರುವ ಬಿಸಿ ಹೊಗೆ ಟರ್ಬೊದ ಚಕ್ರವನ್ನು ತಿರುಗಿಸುತ್ತದೆ. ಟರ್ಬೊ ತಳ್ಳುವ ಗಾಳಿಯ ಒತ್ತಡ ಗೊತ್ತಾದ ಮಟ್ಟಕ್ಕೆ ಬಂದರೆ ಒಂದು ಬಾಗಿಲು ತೆರೆದು, ಹೆಚ್ಚಿನ ಹೊಗೆ ಚಕ್ರವನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ. ಆ ಬಾಗಿಲೇ ವೇಸ್ಟ್‌ಗೇಟ್. ಇದು ನಮ್ಮ ಕೆರೆ ಕೋಡಿ ಅಲ್ವಾ? ಹಳೇ ಇಂಜಿನಿಯರುಗಳು ಕೋಡಿಯನ್ನು ಇಂಗ್ಲಿಷಿನಲ್ಲಿ ‘ವೇಸ್ಟ್ ವಿಯರ್’ ಅನ್ನುತ್ತಿದ್ದರು. ಆ ‘ವೇಸ್ಟ್’ ಕಸವಲ್ಲ, ಮಿಕ್ಕಿದ್ದು.

ಹುಡುಗ ಒಪ್ಪಲಿಲ್ಲ. ‘ಮಾಮ, ಕೋಡಿ ತಾನಾಗಿ ಹರಿಯುತ್ತೆ. ನನ್ನ ಕಾರಿನಲ್ಲಿ ವೇಸ್ಟ್‌ಗೇಟನ್ನು ಮೋಟಾರು ತೆರೆಯುತ್ತೆ. ಅದು ತೂಬು’ ಅಂದ. ಮಾತು ಚೆನ್ನಾಗಿದೆ. ಆದರೆ ತೂಬಿನಿಂದ ಬಿಟ್ಟ ನೀರು ಗದ್ದೆಗೆ ಹೋಗುತ್ತದೆ, ಕೆಲಸಕ್ಕೆ ಬರುತ್ತದೆ. ವೇಸ್ಟ್‌ಗೇಟ್‌ನಿಂದ ಹೋದ ಹೊಗೆ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ, ಕೆರೆ ಏರಿ ಒಡೆಯದೆ ಉಳಿಯಲಿ ಅಂತ ಬಿಟ್ಟ ನೀರಿನ ಹಾಗೆ. ಹಳೇ ಟರ್ಬೊಗಳಲ್ಲಿ ಸ್ಪ್ರಿಂಗು ಮತ್ತು ಗಾಳಿಯ ಒತ್ತಡವೇ ಬಾಗಿಲನ್ನು ತೆರೆಯುತ್ತಿದ್ದವು, ಅದು ಪಕ್ಕಾ ಕೋಡಿ. ಇವನದ್ದು ಬಾಗಿಲಿಟ್ಟ ಕೋಡಿ ಅನ್ನೋಣ.

ಈ ಪದ ಇಟ್ಟುಕೊಂಡರೆ ಇನ್ನೊಂದು ಲಾಭವಿದೆ. ಟರ್ಬೊ ದೊಡ್ಡದು ಹಾಕಿ ವೇಸ್ಟ್‌ಗೇಟ್ ಚಿಕ್ಕದಾದರೆ, ಬಾಗಿಲು ಪೂರ್ತಿ ತೆರೆದರೂ ಒತ್ತಡ ಏರುತ್ತಲೇ ಹೋಗುತ್ತದೆ. ಅದಕ್ಕೆ ‘ಬೂಸ್ಟ್ ಕ್ರೀಪ್’ ಅಂತಾರೆ. ‘ಕೋಡಿ ಸಾಲದು’ ಅಂದರೆ ಹಳ್ಳಿಯವನಿಗೂ ಅರ್ಥವಾಗುತ್ತದೆ. ಇನ್ನು ಕೆಲವರು ವೇಸ್ಟ್‌ಗೇಟ್ ಬಾಗಿಲನ್ನು ಎಳೆಯುವ ಸರಳನ್ನು ಸುಮ್ನೆ ಬಿಗಿ ಮಾಡಿ ಒತ್ತಡ ಏರಿಸಿಕೊಳ್ಳುತ್ತಾರೆ. ಕೋಡಿಗೆ ಮರಳಿನ ಮೂಟೆ ಒಟ್ಟಿ ನೀರು ನಿಲ್ಲಿಸಿದ ಹಾಗೆ. ನೀರೇನೋ ನಿಲ್ಲುತ್ತದೆ, ಏರಿ ಕಥೆ ಏನು?

‘ಸರ್ಜ್’ಗೆ ನಿಘಂಟು ನೋಡಿ ‘ಉಕ್ಕೇರಿಕೆ’ ಅಂತ ಹಾಕಿದ್ದಾನೆ. ಇದು ಪೂರಾ ಉಲ್ಟಾ. ಓದಿದವರು ಶಕ್ತಿ ಉಕ್ಕಿತು ಅಂದುಕೊಳ್ಳುತ್ತಾರೆ. ನಿಜವಾಗಿ ಆಗುವುದು, ಟರ್ಬೊ ತಳ್ಳಿದ ಗಾಳಿಗೆ ಇಂಜಿನ್ನಿನಲ್ಲಿ ಜಾಗ ಸಾಲದೆ ಅದು ಹಿಂದಕ್ಕೆ ನುಗ್ಗುತ್ತದೆ, ಮತ್ತೆ ಮುಂದೆ, ಮತ್ತೆ ಹಿಂದೆ. ಇಂಜಿನ್ನಿಗೆ ಅತಿ ದೊಡ್ಡ ಟರ್ಬೊ ಹಾಕಿದರೆ, ಕಡಿಮೆ ವೇಗದಲ್ಲೂ ಹೀಗಾಗುವುದುಂಟು. ಆ ಸದ್ದು ಕೇಳಿದರೆ ಪದ ತಾನೇ ಬರುತ್ತದೆ: ಬಿಕ್ಕಳಿಕೆ.

‘ಬೂಸ್ಟ್’ಗೆ ನಾನು ‘ದಮ್ಮು’ ಅಂದೆ. ‘ಗಾಡಿಗೆ ದಮ್ಮಿಲ್ಲ’ ಅಂತ ಅನ್ನುವುದು ಇದ್ದೇ ಇದೆ, ಉಸಿರು ಅನ್ನುವ ಅರ್ಥವೂ ಇದೆ. ಆದರೆ ‘1.5 ಬಾರ್ ದಮ್ಮು’ (ಬಾರ್ ಅಂದರೆ ಒತ್ತಡದ ಅಳತೆ) ಅಂತ ಬರೆದು ನೋಡಿದರೆ ಬೀಡಿ, ಬಾರು ಎರಡೂ ಒಟ್ಟಿಗೆ ಬಂದುಬಿಟ್ಟವು! ಇನ್ನೊಂದು ತೊಡಕೂ ಇದೆ. ಬೂಸ್ಟ್ ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರಿದ್ದು. ಮಂಗಳೂರಿನಲ್ಲಿ ಹೊರಗಿನ ಒತ್ತಡ ಸುಮಾರು 1 ಬಾರ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 0.9. ಮಂಗಳೂರಿನಲ್ಲಿ 1.5 ಬಾರ್ ಬೂಸ್ಟಿನಲ್ಲಿ ಸಿಗುವ ಒಟ್ಟು 2.5 ಬಾರ್ ಬೆಂಗಳೂರಿನಲ್ಲೂ ಬೇಕು ಅಂದರೆ ಟರ್ಬೊ ಜಾಸ್ತಿ ವೇಗವಾಗಿ ತಿರುಗಬೇಕು. ಹಾಗಾಗಿ ‘ಮೇಲೊತ್ತಡ’ ಅನ್ನಬಹುದೇ? ‘ದಮ್ಮು’ ಬಿಡಲು ಮನಸ್ಸಿಲ್ಲ, ಆದರೂ.

ಹೋದ ವಾರ ಅವನ ಜೊತೆ ಗ್ಯಾರೇಜಿಗೆ ಹೋಗಿದ್ದೆ. ಮೇಸ್ತ್ರಿ ಹಳೇ ಟರ್ಬೊ ಒಂದನ್ನು ಬೆಂಚಿನ ಮೇಲಿಟ್ಟು, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ‘ಸಾರ್, ಪಕ್ಕಕ್ಕೆ ಒಂಚೂರು ಆಟ ಇರುತ್ತೆ, ಶಾಫ್ಟು ಎಣ್ಣೆ ಮೇಲೆ ತೇಲೋದು ಅದು. ಹಿಂದೆ ಮುಂದೆ ಆಟ ಬಂತೋ, ಮುಗೀತು’ ಅಂದರು. ‘ಪ್ಲೇ’ಗೆ ‘ಆಟ’! ಹುಡುಗ ‘ಅಕ್ಷೀಯ ಸಡಿಲತೆ’ ಅಂತ ಬರೆದಿದ್ದ ಸಾಲನ್ನು ಅಲ್ಲೇ ಫೋನಿನಲ್ಲಿ ಅಳಿಸಿದ.

ಅಂದ ಹಾಗೆ, ಟರ್ಬೊ ಅನ್ನುವುದೇ ಲ್ಯಾಟಿನ್ನಿನಲ್ಲಿ ಬುಗುರಿ, ಸುಂಟರಗಾಳಿ. ಟರ್ಬೈನ್ ಬಂದದ್ದೂ ಅಲ್ಲಿಂದಲೇ. ಹಾಗಂತ ಟರ್ಬೊವನ್ನು ಬುಗುರಿ ಮಾಡುವ ಆಸೆ ನನಗಿಲ್ಲ. ಟರ್ಬೊ ಈಗ ಕನ್ನಡದ್ದೇ.

ನನಗೆ ಬೇಕಿರುವುದು ಮೂರು: ಯಂತ್ರಕ್ಕೆ ತಾಳಿಕೆ ನಡೆಯುತ್ತದಾ, ವೇಸ್ಟ್‌ಗೇಟ್ ಕೋಡಿಯೋ ತೂಬೋ, ಬೂಸ್ಟ್‌ಗೆ ದಮ್ಮಿಗಿಂತ ಒಳ್ಳೆಯದು ಇದೆಯಾ. ಕೆರೆ ಕೆಲಸ ಗೊತ್ತಿರುವವರು ಎರಡನೆಯದಕ್ಕೆ ದಯವಿಟ್ಟು ಬರೆಯಿರಿ. ಹುಡುಗ ಭಾನುವಾರ ಊಟಕ್ಕೆ ಬರುತ್ತಾನೆ, ಅಷ್ಟರೊಳಗೆ ಸಿಕ್ಕರೆ ಒಳ್ಳೆಯದು. ತೂಬು ಅಂತ ಹಟ ಹಿಡಿದು ಕೂತಿದ್ದಾನೆ.